ಹುಲ್ಲಿನ ಬಂಡಿಯ ಅರ್ಥ

ಹೈರೋನಿಮಸ್ ಬಾಷನ ಚಿತ್ರಗಳು ನಿರಂಕುಶವಾದ ಸ್ವಪ್ನವಿಲಾಸವೆಂದೂ, ಅವುಗಳಲ್ಲಿ ನೀತಿಯನ್ನರಸುವುದು ವ್ಯರ್ಥವೆಂದೂ ಕಳೆದ ಸಂಚಿಕೆಯಲ್ಲಿ ಹಿರಿಯ ಲೇಖಕರೊಬ್ಬರು ಬರೆದಿರುವುದನ್ನು ನಾನು ಒಪ್ಪಲಾರೆ. ಮ್ಯಾಡ್ರಿಡ್ಡಿನ ಪ್ರಾಡೊ ಸಂಗ್ರಹಾಲಯದಲ್ಲಿರುವ ‘ಹುಲ್ಲಿನ ಬಂಡಿ’ಯೆಂಬ ತ್ರಿಫಲಕವನ್ನು ಎಡದಿಂದ ಬಲಕ್ಕೆ ನಿಧಾನವಾಗಿ ನೋಡಿದವರಿಗೆ ಅದರ ಆಶಯ ಮರೆಯಾಗದು: ಎಡದಲ್ಲಿ ದ್ರೋಹಿ ದೇವದೂತರ ಪತನ, ಆದಿಪಾಪ, ಏದೆನ್ ತೋಟದಿಂದ ಬಹಿಷ್ಕಾರ, ನಡುವೆ, ಹಿಡಿ ಒಣಹುಲ್ಲಿಗಾಗಿ ಕೊರಳು ಕೊಯ್ಯುವ, ಗಾಲಿಯಡಿ ಬೀಳುವ ಜನಸ್ತೋಮ, ಅದರ ಹಿಂದೆ ಕುದುರೆಯೇರಿ ಗಂಭೀರವಾಗಿ ಸಾಗುವ ಪೋಪನೂ ಚಕ್ರವರ್ತಿಯೂ, ಬಂಡಿಯನ್ನೆಳೆಯುವ ವಿಕೃತರೂಪದ ಪಿಶಾಚಿಗಳು ಮುಖಮಾಡಿರುವುದಾದರೋ ಬಲಫಲಕದ ನರಕದ ಕಡೆಗೆ. ಮೇಲೆ ಮೇಘಮಧ್ಯದಲ್ಲಿ ಕ್ರಿಸ್ತನು ತನ್ನ ಗಾಯಗಳನ್ನು ತೋರುತ್ತಿದ್ದಾನೆ. ಬಂಡಿಯ ಮೇಲಣ ದೇವದೂತನೊಬ್ಬನ ಹೊರತು ಅತ್ತ ಕಣ್ಣೆತ್ತುವವರೇ ಇಲ್ಲ.

ಇಷ್ಟು ಕಠೋರವಾದ ವಿನ್ಯಾಸ ಸ್ವಪ್ನದಲ್ಲಿ ಹುಟ್ಟೀತೆ? ಬಾಷನ ಕಲ್ಪನೆ ಅದ್ಭುತವೆಂಬುದು ನಿಜ. ಆದರೆ ಆ ಅದ್ಭುತವು ನೀತಿಯ ವಾಹನ, ಅದರ ವೈರಿಯಲ್ಲ. ಯೆಶಾಯ ಪ್ರವಾದಿಯು ಮರ್ತ್ಯರನ್ನು ಹುಲ್ಲಿಗೆ ಹೋಲಿಸಿದ್ದನ್ನು ನೆನೆದು, ಸ್ಪೇನಿನ ಸನ್ಯಾಸಿ ಸಿಗುಯೆನ್ಸಾ 1605ರಷ್ಟು ಹಿಂದೆಯೇ ಇದನ್ನು ಉಪದೇಶಚಿತ್ರವೆಂದು ಓದಿದ್ದನು. ಬಾಷನಾದರೂ ತನ್ನೂರಿನ ಮಾತೆ ಮೇರಿಯ ಭಕ್ತಸಂಘದ ದೀಕ್ಷಿತ ಸದಸ್ಯ. 1516ರಲ್ಲಿ ಅವನು ತೀರಿಕೊಂಡಾಗ ಉತ್ತರಕ್ರಿಯೆಯ ಪೂಜೆಯನ್ನು ನಡೆಸಿದ್ದೂ ಅದೇ ಸಂಘವೇ.