ಗಾಳಿಗೆ ಕಲ್ಲಿನ ಋಣ

ಶುಕ್ರಗ್ರಹ ಭೂಮಿಗಿಂತ ಕಡಿಮೆ ಬಿಸಿಲನ್ನು ಹೀರಿಕೊಳ್ಳುತ್ತದೆ. ಮೊದಲ ಸಲ ಕೇಳಿದವರಿಗೆ ಇದು ನಂಬುವ ಮಾತಲ್ಲ. ಸೂರ್ಯನಿಗೆ ನಮಗಿಂತ ಹತ್ತಿರವಿರುವ, ಸೀಸವೂ ಕರಗುವಷ್ಟು ಕಾದಿರುವ ಗ್ರಹ ಅದು. ಅಲ್ಲಿಗೆ ತಲುಪುವ ಬಿಸಿಲು ನಮ್ಮದರ ಹತ್ತಿರಹತ್ತಿರ ಎರಡರಷ್ಟು ಎಂಬುದೂ ನಿಜ. ಆದರೆ ಶುಕ್ರನ ದಟ್ಟ ಮೋಡಗಳು ಬಿದ್ದ ಬೆಳಕಿನ ಮುಕ್ಕಾಲು ಪಾಲನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸಿಬಿಡುತ್ತವೆ. ಭೂಮಿ ಹಿಂದಕ್ಕೆ ಕಳಿಸುವುದು ಸುಮಾರು ಶೇ. 30 ಮಾತ್ರ. ಗುಣಿಸಿ ಕಳೆದು ನೋಡಿದರೆ ಶುಕ್ರನ ಪಾಲಿಗೆ ಉಳಿಯುವುದು ನಮಗಿಂತ ಕಡಿಮೆಯೇ. ಆದರೂ ಅದರ ನೆಲದ ಉಷ್ಣತೆ ಸುಮಾರು 465 ಡಿಗ್ರಿ ಸೆಲ್ಸಿಯಸ್. ಸೂರ್ಯನ ಪಕ್ಕದಲ್ಲೇ ಇರುವ ಬುಧನ ನಡುಹಗಲು ಕೂಡ ಅಷ್ಟು ಬಿಸಿಯಲ್ಲ.

ಗ್ರಹಗಳ ಹಣೆಬರಹವನ್ನು ಸೂರ್ಯನಿಂದ ಅವಕ್ಕಿರುವ ದೂರವೇ ಬರೆದಿದೆ ಎಂದು ನಂಬುವ ಅಭ್ಯಾಸ ನಮಗೆ ಶಾಲೆಯಿಂದಲೇ ಬಂದಿದೆ. ಶುಕ್ರ ತೀರಾ ಹತ್ತಿರ, ಬೆಂದುಹೋಯಿತು; ಮಂಗಳ ತೀರಾ ದೂರ, ಹೆಪ್ಪುಗಟ್ಟಿತು; ಭೂಮಿ ನಡುವೆ, ಬದುಕಿಕೊಂಡಿತು. ಖಗೋಳ ವಿಜ್ಞಾನದ ‘ವಾಸಯೋಗ್ಯ ವಲಯ’ ಎಂಬ ಮಾತು ಈ ನಂಬಿಕೆಗೆ ಅಧಿಕೃತ ಮುದ್ರೆಯನ್ನೂ ಒತ್ತಿದೆ. ಹೇಳಲು ಸುಲಭ, ಕಪ್ಪುಹಲಗೆಯ ಮೇಲೆ ಬರೆಯಲು ಇನ್ನೂ ಸುಲಭ. ದೂರಕ್ಕೆ ಸಲ್ಲಬೇಕಾದ್ದಕ್ಕಿಂತ ಹೆಚ್ಚಿನದನ್ನು ನಾವು ಅದರ ಲೆಕ್ಕಕ್ಕೆ ಬರೆದಿದ್ದೇವೆ ಎಂಬುದು ನನ್ನ ತಕರಾರು. ಶಿಲಾಗ್ರಹವೊಂದರ ಗಾಳಿ ಎಂಥದ್ದು, ಎಷ್ಟು, ಎಷ್ಟು ಕಾಲ ಉಳಿದೀತು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಅದರ ಕಾಲಡಿಯ ಕಲ್ಲು.

ಗಾಳಿ ಕಲ್ಲಿನಿಂದ ಬಂದದ್ದು ಎಂಬುದಕ್ಕೆ ಸಾಕ್ಷಿ ನಿಯಾನ್. ಸೂರ್ಯನಲ್ಲಿ ನಿಯಾನ್ ಸಾರಜನಕದಷ್ಟೇ ಸಮೃದ್ಧವಾಗಿದೆ. ನಮ್ಮ ಗಾಳಿಯಲ್ಲೋ ಸಾರಜನಕ ಶೇ. 78, ನಿಯಾನ್ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 18. ಭೂಮಿ ಹುಟ್ಟುವಾಗ ಸುತ್ತಲಿದ್ದ ಅನಿಲವನ್ನೇ ಹಿಡಿದಿಟ್ಟುಕೊಂಡಿದ್ದರೆ ಇವೆರಡೂ ಇಂದಿಗೂ ಸರಿಸಮನಾಗಿರಬೇಕಿತ್ತು. ನಿಯಾನ್ ಹಗುರವಾದ್ದರಿಂದ ತಪ್ಪಿಸಿಕೊಂಡಿತು ಎನ್ನೋಣವೆಂದರೆ, ಅದಕ್ಕಿಂತ ಹಗುರವಾದ ನೀರಾವಿ ಸಮುದ್ರ ತುಂಬುವಷ್ಟು ಉಳಿದಿದೆ. ವ್ಯತ್ಯಾಸ ಇರುವುದು ತೂಕದಲ್ಲಲ್ಲ, ಸ್ವಭಾವದಲ್ಲಿ. ನಿಯಾನ್ ಯಾವುದರ ಜೊತೆಗೂ ಬೆರೆಯದ ಅನಿಲ. ಅದು ಕಲ್ಲಿನೊಳಗೆ ಸೇರುವುದಿಲ್ಲ. ನೀರು, ಇಂಗಾಲ, ಸಾರಜನಕಗಳು ಖನಿಜಗಳಲ್ಲಿ ಬೆಸೆದುಕೊಂಡು ಒಳಗೆ ಬಂದವು, ಆಮೇಲೆ ಕರಗಿದ ಶಿಲೆಯಿಂದಲೂ ಜ್ವಾಲಾಮುಖಿಗಳಿಂದಲೂ ಹೊರಬಿದ್ದವು. 1949ರಲ್ಲಿ ಹ್ಯಾರಿಸನ್ ಬ್ರೌನ್ ಮತ್ತು ಹ್ಯಾನ್ಸ್ ಸ್ಯೂಸ್ ಬೇರೆಬೇರೆಯಾಗಿ ಇದೇ ತೀರ್ಮಾನಕ್ಕೆ ಬಂದರು: ಹುಟ್ಟಿನ ಗಾಳಿ ಏನಿದ್ದರೂ ಹೋಯಿತು, ಈಗಿರುವುದು ಒಳಗಿನಿಂದ ಬಂದದ್ದು. ಆರ್ಗಾನ್ ಇನ್ನೂ ನೇರವಾದ ಸಾಕ್ಷಿ. ನಾವು ಎಳೆದುಕೊಳ್ಳುವ ಗಾಳಿಯಲ್ಲಿ ಅದು ಶೇ. 0.93. ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಒಂದು ಕಾಲಕ್ಕೆ ಕಲ್ಲಿನೊಳಗಿನ ವಿಕಿರಣಶೀಲ ಪೊಟ್ಯಾಶಿಯಂ ಆಗಿತ್ತು.

ಬಂದದ್ದು ಹೀಗೆ. ಆದರೆ ಎಷ್ಟು ಬಂತು ಎಂಬುದಷ್ಟೇ ತಿಳಿದರೆ ಏನೂ ತಿಳಿದಂತಾಗುವುದಿಲ್ಲ. ಕೆರೆಯ ನೀರಿನ ಮಟ್ಟ ಮಳೆಯೊಂದರ ಮಾತಲ್ಲ. ಕೋಡಿಯಲ್ಲಿ ಎಷ್ಟು ಹರಿಯಿತು, ತೂಬಿನಲ್ಲಿ ಎಷ್ಟು ಬಿಟ್ಟರು ಎಂಬುದೂ ಗೊತ್ತಿರಬೇಕು. ಗಾಳಿಗೂ ಹೊರಹೋಗುವ ದಾರಿ ಎರಡು. ಒಂದು ಮೇಲಕ್ಕೆ, ಬಾಹ್ಯಾಕಾಶಕ್ಕೆ. ಇನ್ನೊಂದು ಕೆಳಕ್ಕೆ, ಮರಳಿ ಕಲ್ಲಿಗೆ.

ಮೇಲಿನ ದಾರಿಯ ಬಗ್ಗೆ ಮಾತು ಬಹಳ ನಡೆದಿದೆ, ಅದರಲ್ಲಿ ಒಂದಿಷ್ಟು ಅತಿಶಯವೂ ಇದೆ. ಭೂಮಿಯಿಂದ ಪ್ರತಿ ಸೆಕೆಂಡಿಗೆ ಸುಮಾರು 3 ಕಿಲೋ ಜಲಜನಕ ತಪ್ಪಿಸಿಕೊಂಡು ಹೋಗುತ್ತಿದೆ. ಸಮುದ್ರದ ಲೆಕ್ಕದಲ್ಲಿ ಇದು ಲೆಕ್ಕಕ್ಕಿಲ್ಲ. ಶುಕ್ರನ ಮಾತು ಬೇರೆ. ಸಾಮಾನ್ಯ ಜಲಜನಕಕ್ಕೆ ಹೋಲಿಸಿದರೆ ಭಾರದ ಜಲಜನಕವಾದ ಡ್ಯೂಟೀರಿಯಂನ ಪಾಲು ಅಲ್ಲಿ ಭೂಮಿಯಲ್ಲಿರುವುದಕ್ಕಿಂತ ನೂರು ಪಟ್ಟಿಗೂ ಹೆಚ್ಚು. ಹಗುರವಾದದ್ದು ಮೊದಲು ಹೋಗುತ್ತದೆ, ಭಾರವಾದದ್ದು ಹಿಂದೆ ಉಳಿಯುತ್ತದೆ. ಅಲ್ಲಿಂದ ನೀರು ದೊಡ್ಡ ಪ್ರಮಾಣದಲ್ಲೇ ಹೋಗಿದೆ. ಮಂಗಳನಲ್ಲಿ ಇದೇ ತರ್ಕವನ್ನು ನಾಸಾದ ಮೇವನ್ ನೌಕೆ ಆರ್ಗಾನ್ ಮೇಲೆ ಪ್ರಯೋಗಿಸಿತು. ಅದು ಮಂಗಳ ತಲುಪಿದ್ದು 2014ರ ಸೆಪ್ಟೆಂಬರ್‌ನಲ್ಲಿ, ನಮ್ಮ ಮಂಗಳಯಾನಕ್ಕಿಂತ ಒಂದೆರಡು ದಿನ ಮೊದಲು. ಆರ್ಗಾನ್ ಕಲ್ಲಿಗೆ ಮರಳುವುದಿಲ್ಲವಾದ್ದರಿಂದ ಅದು ಕಡಿಮೆಯಾಗಿದ್ದರೆ ಮೇಲಕ್ಕೇ ಹೋಗಿರಬೇಕು. 2017ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಮಂಗಳ ತನ್ನ ಗಾಳಿಯಲ್ಲಿದ್ದ ಆರ್ಗಾನ್‌ನ ಸುಮಾರು ಶೇ. 65ರಷ್ಟನ್ನು ಹೀಗೆ ಕಳೆದುಕೊಂಡಿದೆ.

ಇಲ್ಲಿಗೆ ಜನಪ್ರಿಯ ವಿಜ್ಞಾನ ಬರಹಗಳು ಕಾಂತಕ್ಷೇತ್ರವನ್ನು ಕರೆತರುತ್ತವೆ. ಮಂಗಳನ ಗರ್ಭ ತಣಿಯಿತು, ಕಾಂತಕ್ಷೇತ್ರ ಅಳಿಯಿತು, ಸೌರಮಾರುತ ಗಾಳಿಯನ್ನು ಕೊಚ್ಚಿಕೊಂಡು ಹೋಯಿತು, ಭೂಮಿಗೆ ಮಾತ್ರ ಕವಚ ಉಳಿಯಿತು. ಕೇಳಲು ಚೆನ್ನಾಗಿದೆ. ಆದರೆ ಶುಕ್ರನಿಗೆ ಸ್ವಂತ ಕಾಂತಕ್ಷೇತ್ರವೇ ಇಲ್ಲ, ಸೌರಮಾರುತ ಅಲ್ಲಿ ಇನ್ನೂ ಜೋರು. ಆದರೂ ಅದರ ನೆಲದ ಮೇಲಿನ ಒತ್ತಡ ನಮ್ಮದಕ್ಕಿಂತ ಸುಮಾರು 92 ಪಟ್ಟು. ಕವಚವಿರುವ ಭೂಮಿಯೂ ಧ್ರುವಗಳ ಬಳಿ ಆಮ್ಲಜನಕದ ಅಯಾನುಗಳನ್ನು ಸೋರಿಸುತ್ತಲೇ ಇದೆ. ಹಾಗಾದರೆ ಗುರುತ್ವವೇ ಎಲ್ಲವೇ? ಶನಿಯ ಉಪಗ್ರಹ ಟೈಟಾನ್ ಮಂಗಳಕ್ಕಿಂತ ಚಿಕ್ಕದು, ಅದರ ಗಾಳಿಯ ಒತ್ತಡ ಮಾತ್ರ ಭೂಮಿಯದಕ್ಕಿಂತ ಒಂದೂವರೆ ಪಟ್ಟು. ಅಲ್ಲಿನ ಕೊರೆಯುವ ಚಳಿ ಅನಿಲವನ್ನು ಓಡದಂತೆ ಹಿಡಿದಿದೆ. ಈ ಒಂದು ಉದಾಹರಣೆಯಲ್ಲಿ ದೂರದ ಪಕ್ಷದವರಿಗೆ ಅಂಕ ಕೊಡಲೇಬೇಕು.

ನನ್ನ ವಾದ ನಿಂತಿರುವುದು ಕೆಳಗಿನ ದಾರಿಯ ಮೇಲೆ. ಕರ್ನಾಟಕದ ಎಷ್ಟೋ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲನ್ನು ನೋಡಿ. ಅದು ಸುಣ್ಣಕಲ್ಲು, ಭೀಮಾ ನದಿಯ ಸೀಮೆಯಲ್ಲಿ ಬಹು ಹಿಂದಿನ ಕಾಲದ ಸಮುದ್ರತಳದಲ್ಲಿ ಪದರಪದರವಾಗಿ ಕೂಡಿದ್ದು. ಶುದ್ಧ ಸುಣ್ಣಕಲ್ಲಿನ ನೂರು ಕಿಲೋದಲ್ಲಿ 44 ಕಿಲೋ ಇಂಗಾಲದ ಡೈ ಆಕ್ಸೈಡ್ ಅಡಗಿರುತ್ತದೆ. ಸೇಡಂ, ವಾಡಿ ಕಡೆಯ ಸಿಮೆಂಟ್ ಗೂಡುಗಳು ಅದನ್ನು ಸುಟ್ಟು ಮತ್ತೆ ಗಾಳಿಗೆ ಬಿಡುತ್ತಿವೆ. ಜಗತ್ತಿನ ಸುಣ್ಣಕಲ್ಲು, ಡಾಲಮೈಟ್ ಎಲ್ಲವನ್ನೂ ಹೀಗೆ ಬಿಚ್ಚಿದರೆ ಹೊರಬರುವ ಅನಿಲ ಹತ್ತಿರಹತ್ತಿರ ಶುಕ್ರನ ಮೇಲಿರುವಷ್ಟೇ. ಈ ಒಂದು ಸಂಗತಿಯನ್ನು ಪಠ್ಯಪುಸ್ತಕಗಳು ಮೊದಲ ಪುಟದಲ್ಲೇ ಹೇಳಬೇಕಿತ್ತು ಅನ್ನಿಸುತ್ತದೆ. ಎರಡು ಗ್ರಹಗಳೂ ಪಡೆದ ಇಂಗಾಲ ಸರಿಸುಮಾರು ಒಂದೇ. ಶುಕ್ರನಲ್ಲಿ ಅದು ಗಾಳಿಯಲ್ಲಿ ನಿಂತಿದೆ, ಇಲ್ಲಿ ನೆಲಕ್ಕೆ ಇಳಿದಿದೆ.

ಇಳಿಸಿದ್ದು ಮಳೆ. ಮಳೆಹನಿ ಇಂಗಾಲದ ಡೈ ಆಕ್ಸೈಡನ್ನು ಕರಗಿಸಿಕೊಂಡು ತೆಳುವಾದ ಆಮ್ಲವಾಗಿ ಬೀಳುತ್ತದೆ, ಬಂಡೆಯನ್ನು ಸ್ವಲ್ಪಸ್ವಲ್ಪವೇ ತಿನ್ನುತ್ತದೆ. ಬಿಡಿಸಿಕೊಂಡ ಕ್ಯಾಲ್ಸಿಯಂ, ಇಂಗಾಲದೊಡನೆ ಹೊಳೆಹೊಳೆಯಾಗಿ ಸಮುದ್ರ ಸೇರಿ ಚಿಪ್ಪಾಗಿ, ಸುಣ್ಣಕಲ್ಲಾಗಿ ಕೂರುತ್ತದೆ. ವಿಜಯಪುರ, ಕಲಬುರಗಿಯ ಎರೆಮಣ್ಣು ಈ ಕೆಲಸದ ಉಳಿಕೆ. ಅಲ್ಲಿನ ಕಪ್ಪುಶಿಲೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನ ಬಿರುಕುಗಳಿಂದ ಲಾವಾ ಆಗಿ ಉಕ್ಕಿದಾಗ ಅಪಾರ ಇಂಗಾಲ, ಗಂಧಕಗಳನ್ನು ಗಾಳಿಗೆ ಸುರಿಯಿತು. ತಣಿದ ಮೇಲೆ ಅದೇ ಕಲ್ಲು, ಮಳೆಯಲ್ಲಿ ಸವೆಯುತ್ತಾ, ಇಂಗಾಲವನ್ನು ವಾಪಸು ಪಡೆಯಲು ಶುರುಮಾಡಿತು, ಇವತ್ತೂ ಪಡೆಯುತ್ತಿದೆ. ಕೊಟ್ಟದ್ದೂ ಪಡೆದದ್ದೂ ಒಂದೇ ಬಂಡೆ.

1981ರಲ್ಲಿ ಜೇಮ್ಸ್ ವಾಕರ್, ಪಾಲ್ ಹೇಸ್ ಮತ್ತು ಜೇಮ್ಸ್ ಕಾಸ್ಟಿಂಗ್ ಇದರಲ್ಲಿ ಅಡಗಿದ್ದ ಒಂದು ನಿಯಂತ್ರಣವನ್ನು ಎತ್ತಿ ತೋರಿಸಿದರು. ಭೂಮಿ ಬಿಸಿಯಾದರೆ ಮಳೆ ಹೆಚ್ಚು, ಕಲ್ಲಿನ ಸವಕಳಿಯೂ ಚುರುಕು, ಇಂಗಾಲ ಬೇಗ ಇಳಿಯುತ್ತದೆ, ತಂಪಾಗುತ್ತದೆ. ತೀರಾ ತಂಪಾದರೆ ಸವಕಳಿ ನಿಧಾನ, ಜ್ವಾಲಾಮುಖಿಗಳು ಮಾತ್ರ ಕೊಡುತ್ತಲೇ ಇರುತ್ತವೆ, ಮತ್ತೆ ಬೆಚ್ಚಗಾಗುತ್ತದೆ. ಸಮುದ್ರತಳದ ಸುಣ್ಣಕಲ್ಲು ಭೂಫಲಕಗಳೊಡನೆ ಕೆಳಗಿಳಿದು ಬೆಂದು ಜ್ವಾಲಾಮುಖಿಯಾಗಿ ಮರಳುವುದರಿಂದ ಸುತ್ತು ಪೂರ್ತಿಯಾಗುತ್ತದೆ. ‘ಹಾಗಿದ್ದರೆ ಈಗಿನ ತಾಪಮಾನ ಏರಿಕೆಯನ್ನೂ ಭೂಮಿಯೇ ಸರಿಮಾಡಿಕೊಳ್ಳುತ್ತದೆ ಬಿಡಿ’ ಎಂದು ಇದನ್ನೇ ಮುಂದಿಟ್ಟು ವಾದಿಸುವವರಿದ್ದಾರೆ. ಸರಿಮಾಡಿಕೊಳ್ಳುತ್ತದೆ, ಲಕ್ಷಾಂತರ ವರ್ಷಗಳಲ್ಲಿ.

ದೂರವೇ ಎಲ್ಲ ಎನ್ನುವವರಿಗೆ ನನ್ನ ಪ್ರಶ್ನೆ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಿಂದ. ಅಲ್ಲಿ ದಿಂಬುಗಳನ್ನು ಒಟ್ಟಿದಂತೆ ಕಾಣುವ ಲಾವಾ ಶಿಲೆಗಳಿವೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅದು. ಲಾವಾ ಆ ಆಕಾರ ತಾಳುವುದು ನೀರಿನಡಿ ಉಕ್ಕಿದಾಗ. ವಯಸ್ಸು ಸುಮಾರು 250 ಕೋಟಿ ವರ್ಷ. ಆಗ ಸೂರ್ಯ ಈಗಿನಷ್ಟು ಪ್ರಖರನಾಗಿರಲಿಲ್ಲ. ಇನ್ನೂ ಹಿಂದಕ್ಕೆ, ಹುಟ್ಟಿದ ಹೊಸದರಲ್ಲಿ, ಅವನ ಬೆಳಕು ಇಂದಿನದಕ್ಕಿಂತ ಸುಮಾರು ಶೇ. 30 ಕಡಿಮೆ ಇತ್ತು. ಈಗಿನ ಗಾಳಿಯೇ ಆಗಲೂ ಇದ್ದಿದ್ದರೆ ಸಮುದ್ರಗಳು ಮಂಜುಗಟ್ಟಿರಬೇಕಿತ್ತು ಎಂದು ಕಾರ್ಲ್ ಸೇಗನ್ ಮತ್ತು ಜಾರ್ಜ್ ಮಲ್ಲೆನ್ 1972ರಲ್ಲೇ ತೋರಿಸಿದ್ದರು. ಮಂಜುಗಟ್ಟಲಿಲ್ಲ. ಭೂಮಿ ಜಾಗ ಬದಲಿಸಲಿಲ್ಲ, ಸೂರ್ಯ ಬದಲಾದ, ನೀರು ನೀರಾಗಿಯೇ ಉಳಿಯಿತು. ನಡುವೆ ಹೊಂದಿಸಿಕೊಂಡದ್ದು ಗಾಳಿ, ಅದನ್ನು ಹೊಂದಿಸಿದ್ದರಲ್ಲಿ ದೊಡ್ಡ ಪಾಲು ಕಲ್ಲಿನದು. ಜೀವಿಗಳ ಪಾಲೂ ಇದೆ, ಆಮ್ಲಜನಕವಂತೂ ಪೂರ್ತಿ ಅವುಗಳ ಕೊಡುಗೆ. ಆದರೆ ಅದು ಬೇರೆಯೇ ಒಂದು ಪ್ರಬಂಧಕ್ಕೆ ಸೇರಬೇಕಾದ ಕಥೆ.

ಮಂಗಳನ ಸೋಲನ್ನೂ ಈ ಕಡೆಯಿಂದಲೇ ನೋಡಬೇಕು. ಅಲ್ಲಿ ಒಂದು ಕಾಲಕ್ಕೆ ನದಿಗಳು ಹರಿದಿವೆ, ಕೆರೆಗಳು ನಿಂತಿವೆ. 2025ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕ್ಯೂರಿಯಾಸಿಟಿ ರೋವರ್ ಗೇಲ್ ಕುಳಿಯ ಕಲ್ಲುಗಳಲ್ಲಿ ಸಿಡರೈಟ್ ಎಂಬ ಕಬ್ಬಿಣದ ಕಾರ್ಬೊನೇಟನ್ನು ಕಂಡ ವಿವರವಿದೆ. ಅಲ್ಲಿಯೂ ಗಾಳಿ ನೆಲಕ್ಕೆ ಇಳಿದದ್ದು ಉಂಟು. ಇಳಿದದ್ದನ್ನು ಮೇಲೆತ್ತುವ ಯಂತ್ರ ಮಾತ್ರ ಇರಲಿಲ್ಲ. ಚಿಕ್ಕ ಗ್ರಹ ಬೇಗ ತಣಿಯಿತು, ಜ್ವಾಲಾಮುಖಿಗಳು ವಿರಳವಾದವು, ಫಲಕಗಳ ಸುತ್ತು ನಡೆಯಲಿಲ್ಲ. ಮೇಲೂ ಸೋರಿ ಕೆಳಗೂ ಇಂಗಿ ಉಳಿದದ್ದು ಭೂಮಿಯ ಒತ್ತಡದ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅಷ್ಟು ತೆಳ್ಳಗಿನ ಗಾಳಿ ನೆಲದ ಮರ್ಜಿಯಲ್ಲೇ ಬದುಕುತ್ತದೆ. ಪ್ರತಿ ಚಳಿಗಾಲದಲ್ಲಿ ಅದರ ದೊಡ್ಡ ಪಾಲೊಂದು ಧ್ರುವದ ಮೇಲೆ ಹಿಮವಾಗಿ ಬೀಳುತ್ತದೆ, ಬೇಸಿಗೆಗೆ ಮತ್ತೆ ಅನಿಲವಾಗಿ ಏಳುತ್ತದೆ. 1976ರಲ್ಲಿ ಇಳಿದ ವೈಕಿಂಗ್ ನೌಕೆಗಳು ಇಡೀ ಗ್ರಹದ ಒತ್ತಡ ಹೀಗೆ ಏರಿಳಿಯುವುದನ್ನು ಅಳೆದವು.

ಈಗ ದೂರದ ಪರವಾದ ಗಟ್ಟಿ ವಾದಕ್ಕೆ ಬರುತ್ತೇನೆ, ಅದು ಶುಕ್ರನದೇ. ಮಳೆ ಬೀಳಬೇಕಾದರೆ ನೀರು ದ್ರವವಾಗಿರಬೇಕು. ಸಮುದ್ರ ಕಾದಷ್ಟೂ ಆವಿ ಹೆಚ್ಚು, ಆವಿ ಹೆಚ್ಚಿದಷ್ಟೂ ಶಾಖ ಹೊರಹೋಗದು. ಬಿಸಿಲು ಒಂದು ಮಿತಿ ದಾಟಿದರೆ ಈ ಏರಿಕೆಗೆ ತಡೆಯೇ ಇರುವುದಿಲ್ಲ ಎಂದು ಆಂಡ್ರ್ಯೂ ಇಂಗರ್‌ಸಾಲ್ 1969ರಲ್ಲಿ ವಿವರಿಸಿದರು. ಮೇಲಕ್ಕೇರಿದ ಆವಿಯನ್ನು ನೇರಳಾತೀತ ಕಿರಣ ಒಡೆಯುತ್ತದೆ, ಜಲಜನಕ ಹಾರಿಹೋಗುತ್ತದೆ. ನೀರು ಹೋದ ಮೇಲೆ ಇಂಗಾಲವನ್ನು ಕಲ್ಲಿಗೆ ಇಳಿಸುವವರು ಯಾರೂ ಇಲ್ಲ. ಇದನ್ನು ನಾನು ಒಪ್ಪುತ್ತೇನೆ. ಒಪ್ಪದೇ ಇರುವುದು, ಶುಕ್ರನ ವಿಷಯದಲ್ಲಿ ಹೀಗೇ ನಡೆಯಿತು ಎಂಬುದು ಇತ್ಯರ್ಥವಾಗಿದೆ ಎನ್ನುವ ಮಾತನ್ನು. ಶುಕ್ರನ ಆವಿ ಎಂದೂ ಮಳೆಯಾಗಿ ಇಳಿಯಲೇ ಇಲ್ಲ ಎನ್ನುವ ಮಾದರಿಗಳಿವೆ. ಅಲ್ಲಿ ಕೋಟ್ಯಂತರ ವರ್ಷ ಸಮುದ್ರವಿತ್ತು, ಕೊನೆಗೆ ಅದನ್ನು ಕೆಡಿಸಿದ್ದು ಭಾರೀ ಲಾವಾ ಪ್ರವಾಹಗಳು ಒಮ್ಮೆಲೇ ಉಗುಳಿದ ಇಂಗಾಲ ಎನ್ನುವ ಮಾದರಿಗಳೂ ಇವೆ. ಮೊದಲನೆಯದು ನಿಜವಾದರೆ ದೂರ ಗೆದ್ದಿತು. ಎರಡನೆಯದಾದರೆ ಶುಕ್ರನನ್ನು ಕೆಡಿಸಿದ್ದು ಸೂರ್ಯನಲ್ಲ, ಅದರದೇ ಕಲ್ಲು.

ಬೇರೆ ನಕ್ಷತ್ರಗಳ ಗ್ರಹಗಳಿಗೆ ‘ವಾಸಯೋಗ್ಯ’ ಎಂಬ ಚೀಟಿ ಅಂಟಿಸುವ ಆತುರ ನನಗೆ ಹಿಡಿಸದಿರುವುದು ಇದಕ್ಕೇ. ದೂರವನ್ನು ಅಳೆಯಬಲ್ಲೆವು, ಆದ್ದರಿಂದ ಅದನ್ನೇ ಮುಖ್ಯವೆನ್ನುತ್ತೇವೆ. ಟ್ರ್ಯಾಪಿಸ್ಟ್-1 ನಕ್ಷತ್ರದ ಏಳು ಗ್ರಹಗಳ ಸುದ್ದಿ 2017ರಲ್ಲಿ ಎಷ್ಟು ಸದ್ದು ಮಾಡಿತ್ತು! 2023ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ಅದರ ಒಳಗಿನ ಎರಡು ಗ್ರಹಗಳನ್ನು ನೋಡಿದಾಗ ದಟ್ಟ ಗಾಳಿಯ ಸುಳಿವು ಸಿಗಲಿಲ್ಲ. ಉಳಿದವುಗಳ ಬಗ್ಗೆ ಏನನ್ನಾದರೂ ಹೇಳಬೇಕಾದರೆ ಅವುಗಳ ಒಡಲು ಇನ್ನೂ ಬಿಸಿಯಾಗಿದೆಯೇ, ಕಳೆದುಹೋದದ್ದನ್ನು ತುಂಬಿಕೊಡುತ್ತಿದೆಯೇ ಎಂದು ಕೇಳಬೇಕಾಗುತ್ತದೆ. ಅದು ದೂರದರ್ಶಕಕ್ಕೆ ಕಾಣುವಂಥದ್ದಲ್ಲ.

ಶುಕ್ರನಲ್ಲಾದರೆ ಹೋಗಿ ನೋಡಬಹುದು. ಮೆಜೆಲ್ಲನ್ ನೌಕೆ 1991ರಲ್ಲಿ ತೆಗೆದ ಹಳೆಯ ರಾಡಾರ್ ಚಿತ್ರಗಳನ್ನು ಹೋಲಿಸಿದ ಸಂಶೋಧಕರು, ಮಾಟ್ ಮಾನ್ಸ್ ಪರ್ವತದ ಬಾಯೊಂದು ಕೆಲವೇ ತಿಂಗಳಲ್ಲಿ ಹಿಗ್ಗಿ ಆಕಾರ ಬದಲಿಸಿದ್ದನ್ನು 2023ರಲ್ಲಿ ಪತ್ತೆ ಹಚ್ಚಿದರು. ಅಲ್ಲಿನ ಒಡಲು ತಣಿದಿಲ್ಲ. ಇಸ್ರೋದ ಶುಕ್ರ ಪರಿಭ್ರಮಣ ಯೋಜನೆಗೆ 2024ರಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿದೆ. ನಾಸಾ ಯೋಜಿಸಿರುವ ಡಾವಿಂಚಿ ನೌಕೆ ಒಂದು ಗೋಳವನ್ನು ಆಲ್ಫಾ ರೀಜಿಯೊ ಎಂಬ ಸುಕ್ಕುಗಟ್ಟಿದ ಹಳೆಯ ಎತ್ತರದ ನೆಲದ ಮೇಲೆ ಇಳಿಯಬಿಡಲಿದೆ. ನೀರಿಲ್ಲದೆ ಗ್ರಾನೈಟ್ ದೊಡ್ಡ ಪ್ರಮಾಣದಲ್ಲಿ ಹುಟ್ಟುವುದಿಲ್ಲ. ಅಲ್ಲಿನ ಕಲ್ಲು ಬರಿಯ ಬಸಾಲ್ಟ್ ಎಂದು ಕಂಡುಬಂದರೆ ನನ್ನ ವಾದದ ಅರ್ಧ ಬಲ ಕುಸಿಯುತ್ತದೆ. ಗ್ರಾನೈಟಿನ ಜಾತಿಯದಾಗಿದ್ದರೆ ಶುಕ್ರನ ಮೇಲೆ ಒಂದು ಕಾಲಕ್ಕೆ ಸಮುದ್ರವಿತ್ತೆಂದು ಒಪ್ಪಬೇಕಾಗುತ್ತದೆ, ಆಗ ಉತ್ತರ ಹೇಳಬೇಕಾದವರು ದೂರದ ಪಕ್ಷದವರು.