ಅಂಗಳಕ್ಕೆ ಸೂರು ಹಾಕುವ ಮುನ್ನ

ಸಹೋದರಿಯರೇ, ನಮ್ಮ ಕಡೆ ಮನೆಯಲ್ಲಿ ಮದುವೆಯ ಮಾತು ಶುರುವಾದರೆ ಒಡವೆ, ಬಟ್ಟೆಯ ಜೊತೆಗೇ ಇನ್ನೊಂದು ಪ್ರಶ್ನೆಯೂ ಏಳುತ್ತದೆ: ಬರುವ ಸೊಸೆಗೆ ಕೋಣೆ ಎಲ್ಲಿ? ಹೊಸಪೇಟೆ, ಕಂಪ್ಲಿಯ ಹಳೆಯ ಓಣಿಗಳಲ್ಲಿ ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ. ಹಿಂದಿನ ಅಂಗಳಕ್ಕೆ ಮೇಲೆ ತಗಡು ಹೊದಿಸಿ ಬಾಗಿಲು ಕೂರಿಸಿದರೆ ಆಯಿತು. ಜಾಗ ನಮ್ಮದೇ, ಸುತ್ತ ಗೋಡೆ ಮೊದಲೇ ಇದೆ, ಖರ್ಚೂ ಕಡಿಮೆ. ಮೇಸ್ತ್ರಿ ಬಂದು ಟೇಪು ಹಿಡಿಯುತ್ತಾರೆ, ಗಂಡಸರು ಲೆಕ್ಕ ಕೇಳುತ್ತಾರೆ. ಹಗಲೂ ರಾತ್ರಿ ಆ ಮನೆಯೊಳಗೇ ಇರುವ ನಾವು ಚಹಾ ಕೊಟ್ಟು ಒಳಗೆ ಹೋಗುತ್ತೇವೆ.

ನಮ್ಮ ಮನೆಯಲ್ಲೂ ಹೀಗೆಯೇ ಆಯಿತು. 2019ರ ಫೆಬ್ರವರಿಯಲ್ಲಿ ಮೈದುನನ ಮದುವೆ. ಹಿಂದೆ ಹನ್ನೆರಡು ಅಡಿ ಅಗಲ, ಹದಿನಾಲ್ಕು ಅಡಿ ಉದ್ದದ ಕಲ್ಲು ಹಾಸಿನ ಅಂಗಳವಿತ್ತು. ಅದನ್ನೇ ಕೋಣೆ ಮಾಡಿದೆವು. ತಗಡಿನ ಕೆಳಗೆ ಬಿಳಿಯ ಸೀಲಿಂಗ್, ಗೋಡೆಗೆ ತಿಳಿ ಹಸಿರು ಬಣ್ಣ, ನೆಲಕ್ಕೆ ಟೈಲ್ಸ್. ಬಂದ ನೆಂಟರೆಲ್ಲ ಹೊಗಳಿದರು. ಅತ್ತೆ ಮಾತ್ರ ಕೆಲಸ ಶುರುವಾದ ದಿನ ಒಮ್ಮೆ, "ನನ್ನ ಕಿಟಕಿ?" ಎಂದು ಕೇಳಿದ್ದರು. ಅವರು ಮಲಗುವ ಒಳಕೋಣೆಗೆ ಇದ್ದದ್ದು ಅದೊಂದೇ ಕಿಟಕಿ, ಅದು ತೆರೆಯುತ್ತಿದ್ದದ್ದು ಅಂಗಳಕ್ಕೆ. ಯಾರೂ ಉತ್ತರ ಕೊಡಲಿಲ್ಲ. ನಾನೂ ಕೇಳಿಸಿಕೊಳ್ಳಲಿಲ್ಲ. ಗುಡಿಸಿ ತೊಳೆಯುವ ಜಾಗ ಕಡಿಮೆಯಾಯಿತೆಂದು ಒಳಗೊಳಗೇ ಖುಷಿಪಟ್ಟಿದ್ದೆ. ಹೊಸ ದಂಪತಿಯ ಕೋಣೆಯ ಕಡೆಗೆ ಕಿಟಕಿ ತೆರೆದಿರುವುದು ಸರಿಯಲ್ಲವೆಂದು ಅದಕ್ಕೆ ಹಲಗೆ ಬಡಿದದ್ದೂ ಆಯಿತು.

ಆ ವರ್ಷ ರಮಝಾನ್ ಬಂದದ್ದು ಮೇ ತಿಂಗಳಲ್ಲಿ. ನಮ್ಮ ಊರಿನ ಮೇ ಎಂದರೆ ನಿಮಗೆ ಹೇಳಬೇಕಾಗಿಲ್ಲ. ನಲವತ್ತು ಡಿಗ್ರಿ ದಾಟಿದರೂ ಯಾರೂ ಅದನ್ನು ಸುದ್ದಿ ಎಂದುಕೊಳ್ಳುವುದಿಲ್ಲ. ಒಂದು ಮಧ್ಯಾಹ್ನ ಝುಹರ್ ನಮಾಝ್ ಮುಗಿಸಿ ಅತ್ತೆ ಒಳಕೋಣೆಯಲ್ಲಿ ಮಲಗಿದರು. ಅಸ್ರ್‌ಗೆ ಎಬ್ಬಿಸಲು ಹೋದಾಗ ಮೈ ಕೆಂಡದಂತಿತ್ತು, ಮಾತು ತೊದಲುತ್ತಿತ್ತು. ಆಸ್ಪತ್ರೆಗೆ ಒಯ್ದು ಡ್ರಿಪ್ ಹಾಕಿಸಿದೆವು. ಇನ್ನೊಂದು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರು ವೈದ್ಯರು. ಉಪವಾಸ ಮುರಿಯಬೇಕಾಯಿತೆಂದು ಅತ್ತೆ ಅತ್ತರು. ನಾನು ಅತ್ತದ್ದು ಬೇರೆ ಕಾರಣಕ್ಕೆ.

ಅಂಗಳವನ್ನು ನಾವು ಖಾಲಿ ಜಾಗ ಎಂದುಕೊಳ್ಳುತ್ತೇವೆ. ಆದರೆ ಮನೆ ಉಸಿರಾಡುವುದೇ ಅದರ ಮೂಲಕ. ಹಗಲೆಲ್ಲ ಕಾದ ಕಲ್ಲು ರಾತ್ರಿ ತನ್ನ ಬಿಸಿಯನ್ನು ಆಕಾಶಕ್ಕೆ ಬಿಡುತ್ತದೆ. ಒಳಗಿನ ಬಿಸಿ ಗಾಳಿ ಕಿಟಕಿ, ಬಾಗಿಲುಗಳಿಂದ ಅಂಗಳಕ್ಕೆ ಬಂದು ಮೇಲೇರಿ ಹೋಗುತ್ತದೆ. ಮಗ್ರಿಬ್ ನಂತರ ಹಂಪಿಯ ಯಾವುದಾದರೂ ಬಂಡೆಯ ಮೇಲೆ ಕೂತವರಿಗೆ ಇದು ಗೊತ್ತಿರುತ್ತದೆ. ಸೂರ್ಯ ಮುಳುಗಿ ಎಷ್ಟೋ ಹೊತ್ತಾದರೂ ಕಲ್ಲು ಕಾವು ಬಿಡುತ್ತಲೇ ಇರುತ್ತದೆ. ಅದೇ ಕಲ್ಲು, ಅದೇ ಗೋಡೆಯ ಮೇಲೆ ಮುಚ್ಚಳ ಹಾಕಿದರೆ ಆ ಕಾವು ಎಲ್ಲಿಗೆ ಹೋಗಬೇಕು?

ನಮ್ಮ ಅಜ್ಜಿಯರ ಕಾಲದ ಮಾಳಿಗೆ ಮನೆಗಳನ್ನು ನೆನಪಿಸಿಕೊಳ್ಳಿ. ದಪ್ಪ ಗೋಡೆ, ಜಂತಿಯ ಮೇಲೆ ಹೊದಿಸಿದ ಮಣ್ಣು, ನಡುವೆ ಬೆಳಕಿಗೂ ಹೊಗೆಗೂ ಒಂದು ಗವಾಕ್ಷಿ. ಮಧ್ಯಾಹ್ನದ ಬಿಸಿ ಆ ಮಣ್ಣನ್ನು ದಾಟಿ ಕೆಳಗಿಳಿಯುವ ಹೊತ್ತಿಗೆ ರಾತ್ರಿಯಾಗಿರುತ್ತಿತ್ತು. ಆಗ ಎಲ್ಲರೂ ಹೊರಗೆ ಹೊರಸು ಹಾಕಿ ಮಲಗುತ್ತಿದ್ದರು. ಹಂಪಿಯ ರಾಣಿ ಸ್ನಾನಗೃಹ ನೋಡಿದ್ದೀರಲ್ಲ? ಹೊರಗೆ ಸಾದಾ ಗೋಡೆ, ಒಳಗೆ ಕೊಳದ ನಾಲ್ಕೂ ಸುತ್ತ ಕಮಾನಿನ ಪಡಸಾಲೆ, ನಡುವೆ ಆಕಾಶ. ಮರ್ಯಾದೆಗೆ ಮರೆಯೂ ಆಯಿತು, ಗಾಳಿಗೆ ದಾರಿಯೂ ಆಯಿತು. ಅಲ್ಲೇ ಇಮ್ಮಡಿ ದೇವರಾಯನ ಅಧಿಕಾರಿ ಅಹ್ಮದ್ ಖಾನ್ 1439ರಲ್ಲಿ ಕಟ್ಟಿಸಿದ ಕಂಬಗಳ ಸಾಲೆಯೂ ಇದೆ, ಅದರ ಮುಂಭಾಗವೂ ತೆರೆದದ್ದೇ. ನಮ್ಮ ದೇಶದ ಹಳೆಯ ಮಸೀದಿಗಳಲ್ಲಿ ಪಶ್ಚಿಮಕ್ಕೆ ಕಿಬ್ಲಾದ ಗೋಡೆ ಮುಚ್ಚಿರುತ್ತದೆ, ಪೂರ್ವಕ್ಕೆ ಅಂಗಳ ತೆರೆದಿರುತ್ತದೆ. ಕಾರಣ ಕಿಬ್ಲಾ ಇರಬಹುದು. ಆದರೂ ಇಳಿಹೊತ್ತಿನ ಕೆಟ್ಟ ಬಿಸಿಲನ್ನು ತಡೆಯುವುದು ಆ ಗೋಡೆಯೇ.

ಹಾಗಾದರೆ ಅಂಗಳ ಮುಚ್ಚಲೇಬಾರದೇ? ಹಾಗೆ ಹೇಳುವವರಿಗೆ ಮನೆಯ ಇಕ್ಕಟ್ಟು ಗೊತ್ತಿಲ್ಲ ಎಂದೇ ಅರ್ಥ. ಮಗಳಿಗೆ ಓದಲು ಒಂದು ಮೂಲೆ ಬೇಕು, ಸೊಸೆಗೆ ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ ಬೇಕು. ಸಂಡೂರಿನ ಕಡೆಯವರಿಗೆ ಇನ್ನೊಂದು ಕಾರಣವಿದೆ. ಅದಿರಿನ ಲಾರಿಗಳ ಕೆಂಪು ಧೂಳು ಒಣಗಿಸಿದ ಬಟ್ಟೆ, ಹಾಸಿಗೆ, ಅಡುಗೆ ಪಾತ್ರೆ ಯಾವುದನ್ನೂ ಬಿಡುವುದಿಲ್ಲ. ಕಂಪ್ಲಿಯವರಿಗೆ ಗದ್ದೆ, ಕಾಲುವೆಗಳಿಂದ ಬರುವ ಸೊಳ್ಳೆಯ ಕಾಟ. ಆದರೆ ಧೂಳಿಗೂ ಸೊಳ್ಳೆಗೂ ಗೋಡೆಯೇ ಮದ್ದಲ್ಲ. ಸೊಳ್ಳೆಗೆ ಗ್ರಿಲ್ ಮೇಲೆ ಒಳ್ಳೆಯ ಜಾಲರಿ ಸಾಕು. ಧೂಳಿಗೆ ರಸ್ತೆಯ ಕಡೆಯ ಗೋಡೆಯನ್ನಷ್ಟೇ ಎತ್ತರಿಸಿ, ಲಾವಂಚದ ತಟ್ಟಿಯನ್ನೋ ದಪ್ಪ ಬಟ್ಟೆಯ ಪರದೆಯನ್ನೋ ನೀರಿನಲ್ಲಿ ನೆನೆಸಿ ಇಳಿಬಿಟ್ಟರೆ ಧೂಳೂ ನಿಲ್ಲುತ್ತದೆ, ಗಾಳಿಯೂ ತಂಪಾಗಿ ಬರುತ್ತದೆ.

ಕೋಣೆ ಬೇಕೇ ಬೇಕು ಎಂದಾದರೆ ಮೊದಲು ನೋಡಬೇಕಾದದ್ದು ಹೊಸ ಕೋಣೆಯನ್ನಲ್ಲ, ಅದರ ಹಿಂದೆ ಉಳಿಯುವ ಹಳೆಯ ಕೋಣೆಯನ್ನು. ಅದರ ಕಿಟಕಿ ಎಲ್ಲಿಗೆ ತೆರೆಯುತ್ತದೆ? ಇನ್ನೊಂದು ಕೋಣೆಗೆ ತೆರೆದರೆ ಅದು ಕಿಟಕಿಯೇ ಅಲ್ಲ. ಬಿಸಿ, ಒಣ ಹವೆಯ ಊರುಗಳಲ್ಲಿ ಕೋಣೆಯ ನೆಲದ ವಿಸ್ತೀರ್ಣದ ಹತ್ತನೇ ಒಂದು ಭಾಗದಷ್ಟಾದರೂ ಗಾಳಿ, ಬೆಳಕಿಗೆ ತೆರೆದಿರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಹತ್ತಕ್ಕೆ ಹನ್ನೆರಡು ಅಡಿಯ ಕೋಣೆಗೆ ಹನ್ನೆರಡು ಚದರಡಿ, ಅಂದರೆ ನಾಲ್ಕಡಿ ಅಗಲ, ಮೂರಡಿ ಎತ್ತರದ ಕಿಟಕಿ. ಅದೂ ಒಂದೇ ಕಡೆ ಇದ್ದರೆ ಗಾಳಿ ಬರುವುದಿಲ್ಲ. ಎದುರು ಗೋಡೆಯಲ್ಲಿ ಹೊರಹೋಗುವ ದಾರಿಯೂ ಇರಬೇಕು. ಓಣಿಯ ಕಡೆ ಕಿಟಕಿ ಬೇಡವೆಂದರೆ ಏಳಡಿಯ ಮೇಲೆ ಜಾಲಿ ಇಟ್ಟಿಗೆ ಕೂರಿಸಿ. ಹಾದಿಹೋಕರಿಗೆ ಒಳಗೆ ಕಾಣದು, ಬಿಸಿ ಗಾಳಿ ಮಾತ್ರ ಹೊರಗೆ ಹೋಗುತ್ತದೆ.

ಸೂರಿನ ವಿಷಯದಲ್ಲಿ ಒಂದು ಮಾತು. ತಗಡು ಬಿಸಿಲು ಬಿದ್ದ ಕೆಲವೇ ನಿಮಿಷಗಳಲ್ಲಿ ಕಾಯುತ್ತದೆ, ಹೊತ್ತು ಮುಳುಗಿದ ಮೇಲೆ ಬೇಗ ಆರುತ್ತದೆ. ಆರ್.ಸಿ.ಸಿ. ಹಾಗಲ್ಲ, ನಿಧಾನವಾಗಿ ಕಾಯುತ್ತದೆ, ನಡುರಾತ್ರಿಯವರೆಗೂ ಕಾವು ಕೆಳಗೆ ಸುರಿಸುತ್ತದೆ. ಆದ್ದರಿಂದ ಯಾವುದು ಒಳ್ಳೆಯದೆಂದು ಕೇಳುವ ಮೊದಲು ಆ ಕೋಣೆಯಲ್ಲಿ ಯಾರು, ಯಾವ ಹೊತ್ತಿನಲ್ಲಿ ಇರುತ್ತಾರೆ ಎಂದು ಕೇಳಿಕೊಳ್ಳಿ. ಬೆಳಿಗ್ಗೆ ಕೆಲಸಕ್ಕೆ ಹೋಗಿ ರಾತ್ರಿ ಬರುವವರಿಗೆ ತಗಡಿನ ಕೋಣೆ ಹೇಗೋ ನಡೆದೀತು. ಮಧ್ಯಾಹ್ನ ಮಲಗುವ ವೃದ್ಧರಿಗೆ, ಬಾಣಂತಿಗೆ, ಹಸುಗೂಸಿಗೆ ಅದು ಒಲೆ. ಸಿಮೆಂಟ್ ಶೀಟು ಅಗ್ಗವೆಂದು ಕೊಳ್ಳುವವರು ಅದು ಕಲ್ನಾರಿನದೋ ಅಲ್ಲವೋ ವಿಚಾರಿಸಿ. ಕಲ್ನಾರನ್ನು ಕತ್ತರಿಸುವಾಗ, ತೂತು ಕೊರೆಯುವಾಗ ಏಳುವ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆ. ಅದರ ಯಾವ ಬಗೆಯೂ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಯಾವ ಸೂರೇ ಇರಲಿ, ಬೇಸಿಗೆಗೆ ಮೊದಲು ಮೇಲೆ ಬಿಳಿಯ ಸುಣ್ಣ ಬಳಿಯಿರಿ. ಇದು ಬಡವರ ಸಮಾಧಾನವೆಂದು ನಗಬೇಡಿ. ಅಹಮದಾಬಾದಿನಲ್ಲಿ 2010ರ ಬಿಸಿಲಿಗೆ ನೂರಾರು ಜನ ಸತ್ತ ಮೇಲೆ 2013ರಲ್ಲಿ ಆ ನಗರ ಬಿಸಿಲಿಗೆಂದೇ ಒಂದು ಯೋಜನೆ ಮಾಡಿತು, ಆಮೇಲೆ ಬಡವರ ಮನೆಗಳ ಸೂರಿಗೆ ಬಿಳಿ ಬಣ್ಣ ಬಳಿಯುವ ಕೆಲಸವೂ ಅದಕ್ಕೆ ಸೇರಿತು. ತೆಲಂಗಾಣ ಸರಕಾರ 2023ರಲ್ಲಿ ತಂಪು ಸೂರಿಗೆಂದೇ ಒಂದು ನೀತಿ ತಂದಿತು.

ಇನ್ನು ಫ್ಯಾನು, ಕೂಲರು. ಕೋಣೆಯ ಗಾಳಿಯೇ ನಲವತ್ತು ಡಿಗ್ರಿ ದಾಟಿದರೆ ಫ್ಯಾನು ತಂಪು ಮಾಡುವುದಿಲ್ಲ, ಮೈಯನ್ನು ಇನ್ನಷ್ಟು ಕಾಯಿಸುತ್ತದೆ. ಕೂಲರಿಗೆ ತೆರೆದ ಕಿಟಕಿ ಬೇಕು. ಮುಚ್ಚಿದ ಕೋಣೆಯಲ್ಲಿ ಅದು ತೇವವನ್ನಷ್ಟೇ ತುಂಬುತ್ತದೆ, ಬೆವರು ಆರುವುದಿಲ್ಲ. ಹೊಸಪೇಟೆಯ ಒಣ ಏಪ್ರಿಲ್‌ನಲ್ಲಿ ಚೆನ್ನಾಗಿ ನಡೆಯುವ ಕೂಲರ್, ಕಂಪ್ಲಿಯ ಗದ್ದೆಗಳಿಗೆ ನೀರು ಬಿಟ್ಟ ದಿನಗಳಲ್ಲಿ ಅಷ್ಟು ಕೆಲಸ ಮಾಡದು. ಅಡುಗೆಮನೆಯ ಹಿಂಬಾಗಿಲು ಅಂಗಳಕ್ಕಿದ್ದರೆ ಇನ್ನೂ ಎಚ್ಚರ ಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲೇ ಹರಿದು ನಿಲ್ಲುತ್ತದೆ. ಹೊರಗೆ ಹೋಗುತ್ತಿದ್ದ ಅನಿಲ ಈಗ ಮಲಗುವ ಕೋಣೆಗೆ ಬರುತ್ತದೆ.

ಅನುಮತಿಯ ವಿಷಯವನ್ನು "ನಮ್ಮ ಜಾಗ, ಕೇಳುವವರು ಯಾರು" ಎಂದು ತಳ್ಳಿಹಾಕಬೇಡಿ. ಹೊಸಪೇಟೆಯಲ್ಲಿ ನಗರಸಭೆ, ಕಂಪ್ಲಿ, ಸಂಡೂರಿನಲ್ಲಿ ಪುರಸಭೆಯಲ್ಲಿ ವಿಚಾರಿಸಿ. ಹಂಪಿ, ಕಮಲಾಪುರದ ಸುತ್ತಮುತ್ತ ಇರುವವರು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವನ್ನೂ ಕೇಳಬೇಕು. ಕೇಂದ್ರ ಸರಕಾರದ ರಕ್ಷಣೆಯಲ್ಲಿರುವ ಸ್ಮಾರಕದಿಂದ ನೂರು ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ, ಅದರಾಚೆಯ ಇನ್ನೂರು ಮೀಟರ್‌ನಲ್ಲಿ ಅನುಮತಿ ಕಡ್ಡಾಯ. ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ಕಂಬಗಳ ನಡುವೆ ಗೋಡೆ ಎಬ್ಬಿಸಿ ಎಷ್ಟೋ ಕುಟುಂಬಗಳು ದಶಕಗಳ ಕಾಲ ಬಾಳಿದ್ದವು. 2011ರ ಜುಲೈನಲ್ಲಿ ಆಡಳಿತ ಬಂದು ಅವನ್ನು ಒಡೆಯಿತು. ಅದರ ನ್ಯಾಯಾನ್ಯಾಯ ಬೇರೆ ಮಾತು, ಆದರೆ ಬೀದಿಗೆ ಬಂದ ಪಾತ್ರೆ, ಹಾಸಿಗೆಗಳನ್ನು ಎತ್ತಿಟ್ಟವರು ಹೆಂಗಸರೇ. ಪಕ್ಕದ ಮನೆಯ ಕಿಟಕಿ ನಿಮ್ಮ ಅಂಗಳದಿಂದ ಗಾಳಿ ಪಡೆಯುತ್ತಿದ್ದರೆ ಅವರನ್ನೂ ಒಂದು ಮಾತು ಕೇಳಿ. ನೆರೆಯವರ ಹಕ್ಕನ್ನು ನಾನು ನಿಮಗೆ ನೆನಪಿಸಬೇಕಾಗಿಲ್ಲ.

ನಮ್ಮ ಮನೆಯದು ಏನಾಯಿತೆಂದು ಹೇಳಿಲ್ಲ. ಅತ್ತೆ ಆಸ್ಪತ್ರೆಯಿಂದ ಬಂದ ರಾತ್ರಿ ಎಲ್ಲರೂ ಸುಮ್ಮನೆ ಕೂತಿದ್ದೆವು. ಮದುವೆಯಾಗಿ ಮೂರು ತಿಂಗಳಾಗಿದ್ದ ನನ್ನ ವಾರಗಿತ್ತಿಯೇ ಬಾಯಿ ತೆರೆದದ್ದು. "ಭಾಬಿ, ನನ್ನ ಕೋಣೆ ಹತ್ತಡಿ ಇದ್ದರೂ ಸಾಕು. ಅಮ್ಮಿಯ ಕಿಟಕಿ ಮುಂದಿನ ನಾಲ್ಕಡಿ ಬಿಟ್ಟುಬಿಡೋಣ" ಎಂದಳು. ಯಾರಿಗಾಗಿ ಕೋಣೆ ಕಟ್ಟಿದ್ದೆವೋ ಅವಳೇ ಹೇಳಿದ ಮೇಲೆ ಗಂಡಸರಿಗೆ ಮಾತಿರಲಿಲ್ಲ. ಈದ್ ಮುಗಿದ ವಾರ ಕೆಲಸ ಶುರು. ಕಿಟಕಿಯ ಮುಂದೆ ನಾಲ್ಕಡಿ ಅಗಲದ ತಗಡು ತೆಗೆದು ಆಕಾಶ ಬಿಟ್ಟೆವು, ಅಲ್ಲಿಂದಾಚೆ ಹೊಸ ಗೋಡೆ ಎಬ್ಬಿಸಿ ಅವಳ ಕೋಣೆಗೂ ಒಂದು ಕಿಟಕಿ ಇಟ್ಟೆವು. ಉಳಿದ ತಗಡನ್ನು ಎರಡಡಿ ಎತ್ತರಿಸಿ, ಸೀಲಿಂಗ್ ಕಿತ್ತು, ಓಣಿಯ ಕಡೆ ಮೇಲೆ ಜಾಲಿ ಕೂರಿಸಿದೆವು. ಮೊದಲು ಮಾಡಿದ್ದರೆ ಆಗುತ್ತಿದ್ದ ಖರ್ಚಿಗಿಂತ ಹೆಚ್ಚೇ ಆಯಿತು. ತಂಪೇನೂ ಇಲ್ಲ, ನಮ್ಮ ಊರಿನಲ್ಲಿ ಮೇ ಯಾರಿಗೂ ತಂಪಲ್ಲ. ಆದರೆ ಅತ್ತೆ ಈಗ ಮಧ್ಯಾಹ್ನ ಮಲಗಿ ಎದ್ದು ಬರುತ್ತಾರೆ. ಸಂಜೆ ಆ ನಾಲ್ಕಡಿಯಲ್ಲಿ ಪುದಿನಾ ಕುಂಡದ ಪಕ್ಕ ಮಣೆ ಹಾಕಿ ಕೂತು ತಸ್ಬೀಹ್ ಎಣಿಸುತ್ತಾರೆ.

ನಿಮ್ಮ ಮನೆಗೆ ಮೇಸ್ತ್ರಿ ಬರುವ ಮೊದಲು ಒಂದು ಕೆಲಸ ಮಾಡಿ. ಬಿಸಿಲು ಜೋರಿರುವ ದಿನ ಮಧ್ಯಾಹ್ನ ಮೂರು ಗಂಟೆಗೆ ಅಂಗಳದ ಕಡೆಯ ಕಿಟಕಿ, ಬಾಗಿಲುಗಳಿಗೆ ದಪ್ಪ ಕೌದಿ ಇಳಿಬಿಟ್ಟು, ಒಳಕೋಣೆಯಲ್ಲಿ ಅರ್ಧ ಗಂಟೆ ಕುಳಿತು ನೋಡಿ. ಮನೆಯ ಗಂಡಸರನ್ನೂ ಜೊತೆಗೆ ಕೂರಿಸಿಕೊಳ್ಳಿ.