ಕರೆಂಟು, ನೀರು ಇಲ್ಲದ ಮನೆಗೆ ಅಡ್ವಾನ್ಸ್ ಬೇಡ

ನಮ್ಮ ಕರಾವಳಿಯಲ್ಲಿ ಬೀಗ ಹಾಕಿದ ಮನೆಗಳು ಬೇಕಾದಷ್ಟು ಉಂಟು. ಮನೆಯವರೆಲ್ಲ ಗಲ್ಫ್‌ನಲ್ಲಿ. ಬಿಲ್ ಕಟ್ಟುವವರಿಲ್ಲದೆ ಮೆಸ್ಕಾಂನವರು ಕರೆಂಟು ಕಡಿದಿರುತ್ತಾರೆ, ಟ್ಯಾಂಕಿ ಒಣಗಿರುತ್ತದೆ. ಅಂಥ ಮನೆ ಮಾರಾಟಕ್ಕೆ ಬಂದಾಗ ರಜೆಯಲ್ಲಿ ಊರಿಗೆ ಬಂದವರು ಮೊಬೈಲ್ ಟಾರ್ಚ್ ಹಿಡಿದು ಒಂದು ಸುತ್ತು ನೋಡಿ ಅಡ್ವಾನ್ಸ್ ಕೊಟ್ಟು ವಿಮಾನ ಹತ್ತುತ್ತಾರೆ. ವರ್ಷಗಟ್ಟಲೆ ಕುಟುಂಬ ಬಿಟ್ಟು ದುಡಿದ ಹಣ ಅದು. ಹೀಗೆ ಕೊಡಬಾರದು ಎಂಬುದು ನಮ್ಮ ಅಭಿಪ್ರಾಯ.

ಕರೆಂಟು, ನೀರು ಇಲ್ಲದಾಗ ಮನೆಯ ದೋಷ ಕಾಣುವುದಿಲ್ಲ. ಗೋಡೆಯೊಳಗಿನ ಪೈಪು ಒಡೆದಿದ್ದರೆ ನೀರು ಬಿಡದೆ ಗೊತ್ತಾಗದು. ಮೇಲಿನ ಬಾತ್‌ರೂಮಿನಿಂದ ಸೋರಿದ ಕಲೆ ಒಣಗಿದ ಮೇಲೆ ಒಂದು ಕೋಟು ಪೈಂಟಿನಲ್ಲಿ ಮುಚ್ಚಿಹೋಗುತ್ತದೆ. ಶಾಕ್‌ನಿಂದ ಕಾಪಾಡುವ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ನೋಡಲಿಕ್ಕೂ ಕರೆಂಟು ಬೇಕು. ಬಾವಿಯ ಪಂಪು, ಗೀಸರ್ ಕೂಡ ಹಾಗೆಯೇ.

ಹಾಗಂತ ನಾವೇ ಮೈನ್ ಸ್ವಿಚ್ ಹಾಕಿ ನೋಡುವುದೂ ಅಪಾಯ. ಬೀಗ ಹಾಕಿದ ಮನೆಯಲ್ಲಿ ಇಲಿ ವಯರ್ ಕಡಿದಿರಬಹುದು. ಮೊದಲು ಲೈಸೆನ್ಸ್ ಇರುವ ಎಲೆಕ್ಟ್ರಿಶಿಯನ್‌ನ್ನು ಕರೆಸಬೇಕು. ಕರೆಂಟು ಇಲ್ಲದಾಗಲೇ ಮೆಗ್ಗರ್ ಎಂಬ ಸಾಧನದಿಂದ ವಯರಿಂಗಿನ ಇನ್ಸುಲೇಶನ್ ಪರೀಕ್ಷೆ ಮಾಡಲಿಕ್ಕೆ ಆಗ್ತದೆ. ನೀರಿಗೆ ಟ್ಯಾಂಕರ್ ತರಿಸಿ ಟ್ಯಾಂಕಿ ತುಂಬಿಸಿ, ಎಲ್ಲ ನಳ್ಳಿ ಬಂದ್ ಮಾಡಿ, ನೀರಿನ ಮಟ್ಟಕ್ಕೆ ಗುರುತು ಹಾಕಿ. ಮರುದಿನ ಬೆಳಿಗ್ಗೆ ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಬಾತ್‌ರೂಮಿನ ನೀರು ಹೋಗುವ ತೂತು ಮುಚ್ಚಿ, ಒಂದು ದಿನ ನೀರು ನಿಲ್ಲಿಸಿ, ಕೆಳಗಿನ ಕೋಣೆಯ ಸೀಲಿಂಗ್ ನೋಡಿ. ಇದಕ್ಕಾಗುವ ಖರ್ಚು ಮನೆಯ ಬೆಲೆಯ ಮುಂದೆ ಏನೂ ಅಲ್ಲ.

ಹಳೆ ಬಿಲ್ಲಿನ ವಿಷಯವೂ ಉಂಟು. ಹಿಂದಿನ ಮಾಲಕರ ವಿದ್ಯುತ್ ಬಾಕಿಯನ್ನು ನಿಯಮದಲ್ಲಿ ಅವಕಾಶವಿದ್ದರೆ ಹೊಸ ಮಾಲಕರಿಂದ ವಸೂಲಿ ಮಾಡಬಹುದು ಎಂದು 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಮಾರುವವರೇ ಬಾಕಿ ಕಟ್ಟಿ, ಕರೆಂಟು ಹಾಕಿಸಿ ಕೊಡಲಿ. ಅದು ಆಗದಿದ್ದರೆ ಸಂಪರ್ಕ ಬಂದು ಪರೀಕ್ಷೆ ಮುಗಿಯುವ ತನಕ ಒಂದು ಪಾಲು ಹಣ ಹಿಡಿದಿಡುವ ಶರತ್ತನ್ನು ಕರಾರಿನಲ್ಲಿ ಬರೆಸಬೇಕು. "ಒಂದು ವಾರದಲ್ಲಿ ಕರೆಂಟು ಬರ್ತದೆ ಇವ್ರೇ" ಎಂಬ ಬ್ರೋಕರನ ಬಾಯಿಮಾತು ಸಾಲದು.

"ನಮ್ಮವರೇ ಅಲ್ವಾ, ಹೇಗೆ ಕೇಳುವುದು?" ಎಂದು ಹಲವರು ಸುಮ್ಮನಾಗುತ್ತಾರೆ. ಈಗ ಕೇಳದಿದ್ದರೆ ಮಳೆಗಾಲದಲ್ಲಿ ಗೋಡೆ ಒದ್ದೆಯಾದಾಗ ಸಂಬಂಧವೇ ಕೆಡುತ್ತದೆ. ಕೇಳುವುದರಲ್ಲಿ ನಾಚಿಕೆ ಇಲ್ಲ.

ಮಾರುವವರಿಗೂ ಒಂದು ಮಾತು. ಖರೀದಿದಾರ ಸಾಮಾನ್ಯ ಎಚ್ಚರಿಕೆಯಿಂದ ಕಂಡುಹಿಡಿಯಲಾಗದ, ತನಗೆ ಗೊತ್ತಿರುವ ದೊಡ್ಡ ದೋಷವನ್ನು ಮಾರುವವನು ತಿಳಿಸಬೇಕು ಎಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮು ಹೇಳುತ್ತದೆ. ಅದಕ್ಕಿಂತ ಎಷ್ಟೋ ಮೊದಲು ಪ್ರವಾದಿಯವರು (ಸ.ಅ.) ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ, ಅಡಿಯ ಒದ್ದೆಯನ್ನು ಮೇಲೆ ಕಾಣುವಂತೆ ಯಾಕೆ ಇಡಲಿಲ್ಲ ಎಂದು ವ್ಯಾಪಾರಿಯನ್ನು ಕೇಳಿದ್ದರು. ಮದ್ರಸದ ಮಕ್ಕಳಿಗೂ ಗೊತ್ತಿರುವ ಹದೀಸ್ ಇದು. ಪೈಂಟಿನಡಿ ಅಡಗಿಸಿದ ಒದ್ದೆ ಗೋಡೆಗೂ ಅದೇ ನಿಯಮ. ಸೋರುವ ಜಾಗ ಗೊತ್ತಿದ್ದರೆ ಬಾಯಿಬಿಟ್ಟು ಹೇಳಿ. ಬೆಲೆ ಸ್ವಲ್ಪ ಇಳಿಯಬಹುದು, ಆದರೆ ಬಂದ ಹಣದಲ್ಲಿ ಬರ್ಕತ್ ಇರುತ್ತದೆ.